ಟ್ರ್ಯಾಕ್ಟರ್ ಸೆಲ್ಫ್ ಎತ್ತದಿದ್ದರೆ ಬ್ಯಾಟರಿಯನ್ನೇ ದೂರಬೇಡಿ



ಮಳೆ ಬಿದ್ದು ನೆಲ ಹದಕ್ಕೆ ಬಂದ ದಿನವೇ ಟ್ರ್ಯಾಕ್ಟರು ಹಠ ಹಿಡಿಯುತ್ತದೆ. ಕೀಲಿ ತಿರುಗಿಸಿದರೆ ‘ಟಕ್’ ಅಂತ ಒಂದು ಸದ್ದು, ಅಷ್ಟೆ. ‘ಬ್ಯಾಟರಿ ಹೋಯ್ತು’ ಅಂತ ಸಾವಿರಾರು ರೂಪಾಯಿ ಕೊಟ್ಟು ಹೊಸದನ್ನು ತರುತ್ತೀರಿ. ಕೆಲವು ದಿನಕ್ಕೆ ಅದೂ ಮಲಗುತ್ತದೆ. ಬ್ಯಾಟರಿ ಎಂಬುದು ಕಣಜ ಇದ್ದ ಹಾಗೆ. ತುಂಬುವವರೇ ಇಲ್ಲದಿದ್ದರೆ ಹೊಸ ಕಣಜವೂ ಬರಿದಾಗುತ್ತದೆ. ಆ ತುಂಬುವ ಕೆಲಸ ಆಲ್ಟರ್ನೇಟರಿನದು.

ಮೊದಲು ಖರ್ಚಿಲ್ಲದ್ದನ್ನು ನೋಡಿ. ಇಂಜಿನ್ ನಿಲ್ಲಿಸಿ ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ. ಸುಮಾರು ಅರ್ಧ ಅಂಗುಲ ತಗ್ಗಿದರೆ ಸರಿ. ಜೋತುಬಿದ್ದಿದ್ದರೆ, ಇಲ್ಲವೆ ಎಣ್ಣೆ ತಾಗಿ ಜಾರುತ್ತಿದ್ದರೆ, ಚಾರ್ಜು ಎಲ್ಲಿಂದ ಬರಬೇಕು? ಬ್ಯಾಟರಿಯ ಕಂಬಗಳಿಗೆ ಕಿಲುಬು ಹಿಡಿದಿದ್ದರೆ ತಂತಿ ಬಿಚ್ಚಿ, ಉಜ್ಜಿ, ಬಿಗಿಯಾಗಿ ಕಟ್ಟಿ. ಕೀಲಿ ತಿರುಗಿಸಿದಾಗ ಚಾರ್ಜಿನ ಕೆಂಪು ದೀಪ ಹತ್ತಬೇಕು, ಇಂಜಿನ್ ಎದ್ದ ಮೇಲೆ ಆರಬೇಕು. ಆರದಿದ್ದರೆ ದೋಷವಿದೆ. ಮೊದಲಿಗೆ ಹತ್ತದೇ ಇದ್ದರೂ ದೋಷವೇ. ಬಲ್ಬನ್ನೂ ತಂತಿಯನ್ನೂ ನೋಡಿ.

ಖಚಿತವಾಗಬೇಕಾದರೆ ಮೀಟರು ಹಿಡಿಯಿರಿ. ಇಂಜಿನ್ ನಿಂತಿರುವಾಗ ತುಂಬಿದ 12 ವೋಲ್ಟಿನ ಬ್ಯಾಟರಿ ಸುಮಾರು 12.6 ತೋರಿಸುತ್ತದೆ. ಇಂಜಿನ್ ಎದ್ದು ಸ್ವಲ್ಪ ವೇಗ ಕೊಟ್ಟರೆ 13.8ರಿಂದ 14.4ರವರೆಗೆ ಏರಬೇಕು. ಏರದಿದ್ದರೆ ಚಾರ್ಜು ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರು ಕೆಟ್ಟಿದೆ. ಬ್ಯಾಟರಿಯ ನೀರು ಕುದಿದು ಆರಿಹೋಗುತ್ತದೆ.

ಒಂದು ಮಾತು ಕೇಳಿ. ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ತಂತಿ ಕಿತ್ತು ಪರೀಕ್ಷೆ ಮಾಡುವವರಿದ್ದಾರೆ. ಅದು ಹಳೆಯ ಡೈನಮೋ ಕಾಲದ ಚಾಳಿ. ಆಲ್ಟರ್ನೇಟರಿನೊಳಗೆ ಡಯೋಡುಗಳಿವೆ, ಹಾಗೆ ಮಾಡಿದರೆ ಸುಟ್ಟುಹೋಗುತ್ತವೆ. ಚೆನ್ನಾಗಿದ್ದದ್ದೂ ಕೆಡುತ್ತದೆ.

ಆಲ್ಟರ್ನೇಟರೇ ಕೆಟ್ಟಿದ್ದರೂ ಕೂಡಲೇ ಹೊಸದಕ್ಕೆ ಹಣ ಸುರಿಯಬೇಡಿ. ಎಷ್ಟೋ ಸಲ ಒಳಗಿನ ಬ್ರಶ್ ಸವೆದಿರುತ್ತದೆ, ಅಷ್ಟೇ. ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿ ಕೇಳಿ. ಬದಲಿಸಲೇಬೇಕಾದರೆ ಬ್ಯಾಟರಿಯ ಮೈನಸ್ ತಂತಿಯನ್ನು ಮೊದಲು ಬಿಚ್ಚಿ. ಹತ್ತಿರ ಬೀಡಿ ಬೇಡ, ಬ್ಯಾಟರಿಯಿಂದ ಹೊರಡುವ ಅನಿಲಕ್ಕೆ ಬೆಂಕಿ ಹತ್ತೀತು. ಯಾವ ತಂತಿ ಎಲ್ಲಿತ್ತು ಅಂತ ಬಟ್ಟೆ ಚೂರು ಕಟ್ಟಿ ಗುರುತು ಮಾಡಿಕೊಳ್ಳಿ. ಬೆಲ್ಟ್ ಸಡಿಲಿಸಿ ತೆಗೆದು, ಬೋಲ್ಟು ಬಿಚ್ಚಿ, ಹಳೆಯದನ್ನು ಅಂಗಡಿಗೇ ಒಯ್ಯಿರಿ. ವೋಲ್ಟು, ಆಂಪಿಯರು, ಪುಲ್ಲಿಯ ಗಾತ್ರ ಮೂರೂ ಹೊಂದಬೇಕು. ಜೋಡಿಸಿ, ಬೆಲ್ಟ್ ಬಿಗಿ ಮಾಡಿ, ಮೈನಸ್ ತಂತಿಯನ್ನು ಕೊನೆಗೆ ಹಾಕಿ, ಮತ್ತೆ ಮೀಟರು ಹಿಡಿಯಿರಿ. ಹೊಸ ಬೆಲ್ಟ್ ಹಾಕಿದ್ದರೆ ಅದು ಸ್ವಲ್ಪ ಜಗ್ಗುತ್ತದೆ. ಒಂದು ದಿನ ಉತ್ತ ಮೇಲೆ ಇನ್ನೊಮ್ಮೆ ಒತ್ತಿ ನೋಡಿ.