ಬೂದಿ ಮುಚ್ಚಿದ ಕೆಂಡ

ಬೇನೆ ತೋರದ ರೋಗವು ರೋಗವೇ ಅಲ್ಲವೆಂದು ಬಗೆಯುವುದು ನಮ್ಮ ಜನರಲ್ಲಿ ರೂಢವಾಗಿದೆ. ಈ ಎಣಿಕೆಯು ಎಂತಹ ಅನರ್ಥಕ್ಕೆ ಎಡೆಗೊಡುವುದೆಂಬುದನ್ನು ಹೆಪಟೈಟಿಸ್ ಬಿ ಎಂಬ ಯಕೃತ್ತಿನ ವ್ಯಾಧಿಯಲ್ಲಿ ಕಾಣಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನ ಸುಮಾರು 25 ಕೋಟಿ 40 ಲಕ್ಷ ಜನರು, ಅವರೊಳಗೆ ನಮ್ಮ ದೇಶದವರೇ ಹತ್ತಿರಹತ್ತಿರ 3 ಕೋಟಿ ಜನರು, ಈ ವೈರಾಣುವನ್ನು ದೇಹದಲ್ಲಿ ಹೊತ್ತಿದ್ದರು. ಇವರಲ್ಲಿ ಬಹುಮಂದಿಗೆ ತಾವು ವಾಹಕರೆಂಬುದೇ ತಿಳಿಯದು. ಉಂಡು, ದುಡಿದು, ಸುಖವಾಗಿಯೇ ವರ್ಷಗಳನ್ನು ಕಳೆಯುತ್ತಾರೆ. ಅಂತಹವರಲ್ಲಿ ಕೆಲವರಿಗೆ ಒಮ್ಮೆ ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ಪ್ರಜ್ಞೆ ಮಂಕಾಗಿ, ಕೆಲವೇ ವಾರಗಳಲ್ಲಿ ಪ್ರಾಣಕ್ಕೇ ಸಂಚಕಾರ ಬರುವುದುಂಟು. ನೆರೆಹೊರೆಯವರು ಇದನ್ನು ವಿಧಿಯೆನ್ನುವರು. ವಿಧಿಯನ್ನು ಹಳಿಯುವ ಮೊದಲು ಕಾರಣವನ್ನು ಅರಸುವುದು ಲೇಸೆಂದು ನಾವು ತಿಳಿಯುತ್ತೇವೆ.

ಈ ವೈರಾಣುವು ತಾನಾಗಿ ಯಕೃತ್ತಿಗೆ ಮಾಡುವ ಹಾನಿ ಅಲ್ಪ. ಅದು ಬಿಡಾರ ಹೂಡಿದ ಜೀವಕೋಶಗಳನ್ನು ದೇಹದ ರಕ್ಷಕ ಶಕ್ತಿಯೇ ಹೊಡೆದು ಕೆಡಹುತ್ತದೆ. ಇಲಿಯ ಮೇಲಣ ಕೋಪಕ್ಕೆ ಮನೆಗೆ ಉರಿಯಿಟ್ಟಂತೆಂಬ ಮಾತು ಇಲ್ಲಿ ಚೆನ್ನಾಗಿ ಸಲ್ಲುವುದು. ಶೈಶವದಲ್ಲಿ ಸೋಂಕಿದವರಲ್ಲಿ ಈ ಉಭಯ ಪಕ್ಷಗಳೂ ಬಹುಕಾಲ ಸಂಧಿ ಮಾಡಿಕೊಂಡಂತಿರುವುವು. ಸಂಧಿ ಮುರಿದ ದಿನ ವ್ಯಾಧಿಯು ಭುಗಿಲೇಳುವುದು.

ಸಂಧಿಯು ಕೆಲವೊಮ್ಮೆ ತಾನಾಗಿ ಮುರಿಯುವುದು ನಿಜ. ಆದರೆ ಅನೇಕ ವೇಳೆ ಅದನ್ನು ಮುರಿಯುವವರು ನಾವೇ. ಟೆನೋಫೋವಿರ್, ಎಂಟೆಕಾವಿರ್ ಮೊದಲಾದ ಮಾತ್ರೆಗಳು ವೈರಾಣುವನ್ನು ಅಡಗಿಸಬಲ್ಲುವೇ ಹೊರತು ಅದರ ಬೀಜವನ್ನು ಸಾಮಾನ್ಯವಾಗಿ ಕಿತ್ತೊಗೆಯಲಾರವು. ಗುಣವಾಯಿತೆಂದು ರೋಗಿಯು ತನ್ನಿಚ್ಛೆಯಿಂದ ಮಾತ್ರೆ ಬಿಟ್ಟರೆ ಅದು ಮತ್ತೆ ತಲೆಯೆತ್ತುವುದು. ಇದು ಮೊದಲನೆಯ ದಾರಿ. ಅರ್ಬುದ ರೋಗಕ್ಕೆ ಕೊಡುವ ಕೆಮೊಥೆರಪಿ, ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಮುಂತಾದುವು ರಕ್ಷಕ ಶಕ್ತಿಯನ್ನು ಕುಗ್ಗಿಸುವುದು ಎರಡನೆಯದು. ಕಾವಲುಗಾರನು ಮಲಗಿದಾಗ ಕಳ್ಳನು ಬಳಗವನ್ನು ಬೆಳೆಸುವನು. ಕಾವಲುಗಾರನು ಎಚ್ಚತ್ತಾಗ ಮನೆಯೇ ರಣರಂಗವಾಗುವುದು. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ರಿಟುಕ್ಸಿಮಾಬ್ ಎಂಬ ಔಷಧದ ವಿವರಣ ಪತ್ರದಲ್ಲಿ ಈ ಅಪಾಯವನ್ನು ಚೌಕಟ್ಟು ಹಾಕಿ ಎಚ್ಚರಿಸುವಂತೆ ಮಾಡಿತು. ಮದ್ಯಪಾನ, ಹೆಪಟೈಟಿಸ್ ಎ, ಡಿ, ಇ ಎಂಬ ಬೇರೆ ವೈರಾಣುಗಳ ಸೋಂಕು, ಕ್ಷಯಕ್ಕೆ ಕೊಡುವ ಕೆಲವು ಔಷಧಗಳು, ಇವು ಮೊದಲೇ ನೊಂದ ಯಕೃತ್ತಿನ ಮೇಲೆ ಬೀಳುವ ಎರಡನೆಯ ಪೆಟ್ಟು.

ಕಾಮಾಲೆ ಕಂಡೊಡನೆ ನೆಲನೆಲ್ಲಿಯ ರಸಕ್ಕೆ ಓಡುವುದು ನಮ್ಮಲ್ಲಿ ವಾಡಿಕೆ. ಈ ಮೂಲಿಕೆಯನ್ನು ನಾವು ಹೀಯಾಳಿಸುವವರಲ್ಲ. 1988ರಲ್ಲಿ ಮದರಾಸಿನ ಸಂಶೋಧಕರು ವಾಹಕರಲ್ಲಿ ಅದರಿಂದ ಗುಣ ಕಂಡುದಾಗಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿ ಲೋಕದ ಗಮನವನ್ನು ಸೆಳೆದಿದ್ದರು. ಮುಂದಿನ ಪರೀಕ್ಷೆಗಳಲ್ಲಿ ಆ ಗುಣವು ಸ್ಥಿರಪಡಲಿಲ್ಲವೆಂಬುದೂ ಅಷ್ಟೇ ಸತ್ಯ. ವ್ಯಾಧಿಯು ಭುಗಿಲೆದ್ದಾಗ ಒಂದೊಂದು ದಿನವೂ ಅಮೂಲ್ಯ. ಅದನ್ನು ಪಥ್ಯದಲ್ಲಿ ಕಳೆಯುವುದು ಹಾನಿಕರ.

ಹಾಗಾದರೆ ಮಾಡತಕ್ಕುದೇನು? ಕೆಮೊಥೆರಪಿಯನ್ನಾಗಲಿ ದೀರ್ಘಕಾಲದ ಸ್ಟೀರಾಯ್ಡನ್ನಾಗಲಿ ಆರಂಭಿಸುವ ಮುನ್ನ ಹೆಪಟೈಟಿಸ್ ಬಿ ಸಂಬಂಧವಾದ ರಕ್ತಪರೀಕ್ಷೆಯನ್ನು ಪ್ರತಿಯೊಬ್ಬ ರೋಗಿಗೂ ತಪ್ಪದೆ ಮಾಡಿಸಬೇಕು. ಅಪಾಯವಿದ್ದವರಿಗೆ ಮೊದಲೇ ಮಾತ್ರೆಯನ್ನು ಆರಂಭಿಸಿ, ಚಿಕಿತ್ಸೆ ಮುಗಿದ ಮೇಲೂ ಹಲವು ತಿಂಗಳು ಮುಂದುವರಿಸಿದರೆ ಅನಾಹುತವನ್ನು ಬಹುಮಟ್ಟಿಗೆ ತಡೆಯಬಹುದು. ವಾಹಕರೆಂದು ತಿಳಿದವರು ವೈದ್ಯರ ಮಾತಿಲ್ಲದೆ ಔಷಧವನ್ನು ಬಿಡಕೂಡದು. ಆರೋಗ್ಯವಾಗಿರುವಾಗಲೂ ಕಾಲಕಾಲಕ್ಕೆ ಯಕೃತ್ತಿನ ಪರೀಕ್ಷೆಯನ್ನು ಮಾಡಿಸುತ್ತಿರಬೇಕು. ಸಹಪಂಕ್ತಿ ಭೋಜನದಿಂದಾಗಲಿ ಕೈ ಕುಲುಕುವುದರಿಂದಾಗಲಿ ಈ ರೋಗವು ಹರಡದು. ಆದುದರಿಂದ ಅವರನ್ನು ದೂರವಿಟ್ಟು, ರೋಗವನ್ನು ಬಚ್ಚಿಡುವಂತೆ ಮಾಡುವುದು ಅನ್ಯಾಯವೂ ಅವಿವೇಕವೂ ಆಗಿದೆ.

ಅಧಿಕಾರಿಗಳಲ್ಲಿ ನಮ್ಮದೊಂದು ವಿಜ್ಞಾಪನೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಾಣು ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವು ಪರೀಕ್ಷೆಯನ್ನೂ ಔಷಧವನ್ನೂ ಉಚಿತವಾಗಿ ಕೊಡಲು ಏರ್ಪಟ್ಟಿದೆ. ಇದು ಸ್ತುತ್ಯವೇ. ಆದರೆ ಉಗ್ರಾಣದಲ್ಲಿ ಮಾತ್ರೆ ತೀರಿದರೆ, ರೋಗಿಯು ತಾನೇ ಬಿಟ್ಟರೂ ಸರಕಾರವು ಬಿಡಿಸಿದರೂ ಯಕೃತ್ತಿಗೆ ಒದಗುವ ಗತಿ ಒಂದೇ. ಶೈಶವದಲ್ಲಿ ಸೋಂಕು ತಗುಲಿದ ನೂರರಲ್ಲಿ ಸುಮಾರು 95 ಮಂದಿ ದೀರ್ಘಕಾಲದ ವಾಹಕರಾಗುವರು. ವಯಸ್ಕರಲ್ಲಾದರೋ ನೂರಕ್ಕೆ 5ಕ್ಕಿಂತ ಕಡಿಮೆ. ಹುಟ್ಟಿದ 24 ಗಂಟೆಗಳೊಳಗೆ ಹಾಕುವ ಲಸಿಕೆಯ ಮಹತ್ತ್ವವು ಇದರಿಂದಲೇ ವಿಶದವಾಗುವುದು. ಹೆರಿಗೆ ಮನೆಯಲ್ಲಿ ಆ ಒಂದು ಚುಚ್ಚುಮದ್ದು, ಆಸ್ಪತ್ರೆಯಲ್ಲಿ ಆ ಒಂದು ಪರೀಕ್ಷೆ, ಉಗ್ರಾಣದಲ್ಲಿ ಎಡೆಬಿಡದ ಮಾತ್ರೆ, ಇವಿಷ್ಟನ್ನು ತಪ್ಪದೆ ನಡೆಯಿಸಿದರೆ ಎಷ್ಟೋ ಸಂಸಾರಗಳು ಉಳಿಯುವುವು.