ಒಪ್ಪಿಸಿಕೊಡುವುದು

ಕ್ರೈಸ್ತರ ಪ್ರಾರ್ಥನೆಗಳಲ್ಲಿ ‘ದೇವರಿಗೆ ಒಪ್ಪಿಸುವುದು’ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಇದನ್ನು ಕೈಚೆಲ್ಲಿ ಕುಳಿತುಕೊಳ್ಳುವುದೆಂದು ನಮ್ಮಲ್ಲಿ ಕೆಲವರು ಭಾವಿಸಿರುವರು. ಆದರೆ ಒಪ್ಪಿಸುವುದೇ ಬೇರೆ, ಕೈಚೆಲ್ಲುವುದೇ ಬೇರೆ.

ಗೆತ್ಸೆಮನೆ ತೋಟದ ಪ್ರಸಂಗವನ್ನೇ ನೋಡಬಹುದು. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಅಲ್ಲಿ ನಿಶ್ಚಿಂತನಾಗಿರಲಿಲ್ಲ. ದುಃಖದಿಂದ ಕುಗ್ಗಿದ್ದ ಆತನು ಆ ಸಂಕಟ ತನ್ನಿಂದ ದೂರವಾಗಲೆಂದು ಮೊದಲು ಬೇಡಿದನು. ತಂದೆಯ ಚಿತ್ತಕ್ಕೆ ಒಪ್ಪಿಸಿದ್ದು ಆಮೇಲೆ. ಮತ್ತಾಯನ ಸುವಾರ್ತೆಯ ಪ್ರಕಾರ ಹೀಗೆ ಪ್ರಾರ್ಥಿಸಿದ್ದು ಮೂರು ಸಲ. ಒಂದೇ ಸಲಕ್ಕೆ ಮುಗಿಯಿತೆಂದು ಬರೆದಿಲ್ಲವೆಂಬುದೇ ನನಗೆ ದೊಡ್ಡ ಧೈರ್ಯ. ಪೌಲನು ಫಿಲಿಪ್ಪಿಯವರಿಗೆ ಪತ್ರ ಬರೆದುದೂ ಸೆರೆಯಲ್ಲಿದ್ದಾಗಲೇ. ಚಿಂತೆ ಬಿಡಿರೆಂದಷ್ಟೇ ಹೇಳದೆ, ಬೇಕಾದುದನ್ನು ಕೃತಜ್ಞತೆಯೊಡನೆ ದೇವರ ಮುಂದಿಡಿರೆಂದನು. ಶಾಂತಿಯ ಮಾತು ಅದರ ನಂತರದ್ದು.

ಗೀತೆಯ ಕರ್ಮಫಲತ್ಯಾಗವೂ ಇದೇ ಅಲ್ಲವೆ ಎನ್ನಬಹುದು. ಬಹಳ ಹತ್ತಿರ. ಇಲ್ಲಿ ಮಗನು ತಂದೆಯನ್ನು ಬೇಡುವ ಸಲಿಗೆ ಹೆಚ್ಚು ಎದ್ದುಕಾಣುತ್ತದೆ, ಅಷ್ಟೆ.

ಕಟ್ಟೆಮಳಲವಾಡಿಯಲ್ಲಿ ಲಕ್ಷ್ಮಣತೀರ್ಥಕ್ಕೆ ಅಡ್ಡಲಾಗಿ ಅಣೆಕಟ್ಟೆಯಿದೆ. ನೀರನ್ನು ಕಾಲುವೆಯ ಮಟ್ಟಕ್ಕೆ ಏರಿಸುವುದಷ್ಟೇ ಇಂಥ ಕಟ್ಟೆಯ ಕೆಲಸ. ಮಿಕ್ಕ ನೀರು ಮೇಲೆ ಹರಿದು ಹೊಳೆಯಲ್ಲೇ ಮುಂದೆ ಹೋಗುತ್ತದೆ. ಇಡೀ ಹೊಳೆಯನ್ನು ಹಿಡಿಯಹೊರಟರೆ ಕಟ್ಟೆಯೇ ನಿಲ್ಲದು. ನಮ್ಮ ಕಡೆಯ ರೈತರಿಗೆ ಇದನ್ನು ಯಾರೂ ಪಾಠ ಹೇಳಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಪದವಿ ಪರೀಕ್ಷೆಗೆ ಕುಳಿತುಕೊಳ್ಳುವವನು ನಾನೇ ಮೊದಲಿಗ. ಅಪ್ಪ ಮಾಡಿದ ಸಾಲ, ತಂಗಿಯ ಓದು, ಎಲ್ಲವೂ ನನ್ನ ಮುಂದಿನ ಕೆಲಸವನ್ನು ನಂಬಿವೆ. ಓದುವುದು ನನ್ನ ಪಾಲು. ಫಲಿತಾಂಶವೂ ಕೆಲಸವೂ ಒಪ್ಪಿಸಬೇಕಾದುವು. ರಾತ್ರಿ ದೀಪ ಆರಿಸುವ ಮೊದಲು ಇವೆರಡನ್ನೂ ಬೇರೆ ಮಾಡಿ ಪ್ರಾರ್ಥಿಸುತ್ತೇನೆ. ಕೆಲವು ರಾತ್ರಿ ಮೂರು ಸಲ ಸಾಲದು.