ಮೋಡದಿಂದ ಸುರಿಯುವ ಗಾಳಿ

ನಮ್ಮ ಅಮೆರಿಕದ ಕನ್ನಡಿಗರಲ್ಲಿ ಸಣ್ಣ ವಿಮಾನದ ಲೈಸೆನ್ಸ್ ಪಡೆದು, ವಾರಾಂತ್ಯದಲ್ಲಿ ಮನೆಯವರನ್ನೂ ಕೂರಿಸಿಕೊಂಡು ಹಾರುವವರಿದ್ದಾರೆ. ಇಲ್ಲಿ ಬೇಸಿಗೆಯ ಮಧ್ಯಾಹ್ನವೆಂದರೆ ಗುಡುಗು ಮೋಡಗಳ ಕಾಲ. ಅಂಥ ಮೋಡದ ಕೆಳಗೆ ಇಳಿಯುವಾಗ ಎದುರಾಗುವ 'ಮೈಕ್ರೋಬರ್ಸ್ಟ್' ಬಗ್ಗೆ ಅವರಷ್ಟೇ ಅಲ್ಲ, ಪಕ್ಕದಲ್ಲಿ ಕೂರುವವರೂ ತಿಳಿದಿರುವುದು ಒಳ್ಳೆಯದು.

ಅಂಗಳಕ್ಕೆ ಒಂದು ಕೊಡ ನೀರು ಸುರಿದರೆ ಹೇಗೆ ಸುತ್ತಲೂ ಚೆಲ್ಲುತ್ತದೋ ಹಾಗೆಯೇ ಇದು. ಮಳೆಹನಿ ಆವಿಯಾಗಿ ತಣ್ಣಗಾದ ಗಾಳಿ ಭಾರವಾಗಿ ನೆಲಕ್ಕೆ ಬಿದ್ದು, ಎಲ್ಲ ದಿಕ್ಕಿಗೂ ಹರಡುತ್ತದೆ. ಬೀಳುವ ವೇಗ ನಿಮಿಷಕ್ಕೆ 6,000 ಅಡಿಯವರೆಗೂ ಇರಬಹುದು. ಸೆಸ್ನಾ 172 ಮೇಲೇರುವ ಸಾಮರ್ಥ್ಯ ನಿಮಿಷಕ್ಕೆ ಸುಮಾರು 700 ಅಡಿ ಮಾತ್ರ!

ಮೋಸವಿರುವುದು ಮೊದಲ ಕ್ಷಣದಲ್ಲಿ. ಒಳಹೊಕ್ಕಾಗ ಸಿಗುವುದು ಎದುರುಗಾಳಿ. ರೆಕ್ಕೆಗೆ ಬಲ ಬಂದು ವಿಮಾನ ಮೇಲೇಳುತ್ತದೆ, ಪೈಲಟ್ ಎಂಜಿನ್ ತಗ್ಗಿಸುತ್ತಾನೆ. ಮರುಕ್ಷಣ ಗಾಳಿ ಕೆಳಗೆ ತಳ್ಳುತ್ತದೆ, ಆಮೇಲೆ ಹಿಂದಿನಿಂದ ಬೀಸುತ್ತದೆ. ಸೆಸ್ನಾ ಇಳಿಯುವುದು ಸುಮಾರು 65 ನಾಟ್ ವೇಗದಲ್ಲಿ. ಅದು 45ರ ಆಸುಪಾಸಿಗೆ ಬಂದರೆ ರೆಕ್ಕೆ ವಿಮಾನವನ್ನು ಹೊರಲಾರದು. ಕೈಯಲ್ಲಿರುವುದು ಇಪ್ಪತ್ತೇ ನಾಟ್, ಗಾಳಿಯ ಬದಲಾವಣೆ ಅದರ ಎರಡು ಮೂರು ಪಟ್ಟು ಇರಬಹುದು. ಸಣ್ಣ ಎಂಜಿನ್ ಜೆಟ್‌ಗಿಂತ ಬೇಗ ಓಗೊಡುತ್ತದೆ ನಿಜ, ಆದರೆ ಕೊಡಲು ಅದರಲ್ಲಿ ಶಕ್ತಿಯೇ ಕಡಿಮೆ.

1975ರಲ್ಲಿ ನ್ಯೂಯಾರ್ಕಿನಲ್ಲಿ ಈಸ್ಟರ್ನ್ ವಿಮಾನ ಬಿದ್ದು 113 ಜನ ಸತ್ತಾಗ, ಷಿಕಾಗೋ ವಿಶ್ವವಿದ್ಯಾಲಯದ ಫ್ಯೂಜಿತಾ ಇಂಥದೇ ಗಾಳಿ ಕಾರಣವೆಂದರು. 1945ರಲ್ಲಿ ಬಾಂಬ್ ಬಿದ್ದ ಜಾಗಗಳಲ್ಲಿ ಹಾನಿ ನಾಲ್ಕೂ ಕಡೆ ಚದುರಿದ ರೀತಿಯನ್ನು ಕಣ್ಣಾರೆ ಕಂಡಿದ್ದವರು ಅವರು. ಬಹಳ ಮಂದಿ ಹವಾಮಾನ ತಜ್ಞರು ಮೊದಲಿಗೆ ನಂಬಲಿಲ್ಲ. 1985ರಲ್ಲಿ ಡಲ್ಲಾಸಿನಲ್ಲಿ ಡೆಲ್ಟಾ 191 ಬಿದ್ದು 137 ಜನ ಸತ್ತ ಮೇಲೆ ದೊಡ್ಡ ವಿಮಾನಗಳಿಗೆ ಎಚ್ಚರಿಕೆಯ ಉಪಕರಣ ಕಡ್ಡಾಯವಾಯಿತು. ಸೆಸ್ನಾಗೆ ಆ ಭಾಗ್ಯವಿಲ್ಲ, ಅಲ್ಲಿ ಕಣ್ಣೇ ರೇಡಾರ್.

ನೆಲದಲ್ಲಿ ಉಂಗುರದಂತೆ ಏಳುವ ಧೂಳು, ನೆಲ ಮುಟ್ಟದೆ ಮಧ್ಯದಲ್ಲೇ ಆರಿಹೋಗುವ ಮಳೆಯ ಎಳೆಗಳು ಇದರ ಗುರುತು. ಎರಡನೆಯದನ್ನು ನೋಡಿ "ಮಳೆಯೇ ಇಲ್ಲವಲ್ಲ" ಎಂದುಕೊಳ್ಳುವವರೇ ಹೆಚ್ಚು. ಇಳಿಯುವಾಗ ಕಾರಣವಿಲ್ಲದೆ ವೇಗ ಹೆಚ್ಚಿದರೆ ಎಂಜಿನ್ ತಗ್ಗಿಸದೆ, ಪೂರ್ಣ ಶಕ್ತಿ ಕೊಟ್ಟು ಮೇಲೇರಬೇಕು.

ಒಂದು ಮೈಕ್ರೋಬರ್ಸ್ಟ್ 15 ನಿಮಿಷ ಮೀರುವುದು ಅಪರೂಪ. ಹಗಲು ಹಾರಾಟಕ್ಕೆ ಇಲ್ಲಿನ ನಿಯಮವೇ ಅರ್ಧ ಗಂಟೆಯ ಹೆಚ್ಚುವರಿ ಇಂಧನ ಕೇಳುತ್ತದೆ. ದೂರದಲ್ಲಿ ಸುತ್ತು ಹಾಕುತ್ತಾ ಕಾಯಬಹುದು. ಮೋಡಗಳು ಸಾಲುಗಟ್ಟಿದ್ದರೆ ಮಾತ್ರ ಬೇರೆ ಊರಿನಲ್ಲಿ ಇಳಿದು, ಮನೆಗೊಂದು ಫೋನ್ ಮಾಡಿಬಿಡಿ.